ನಡೆಯುತ್ತ ಬಿಡಿಸಿದ ಕಡಲು

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಮದುವೆಯೂಟದಲ್ಲಿ ಪಾಯಸ ಬರುವ ಮೊದಲೇ ಏಳೋಣವೆನಿಸುತ್ತದೆ. ಹಲ್ಲಿನ ಡಾಕ್ಟರರಲ್ಲಿ ಕಾಯುವಾಗ ಎದ್ದೆದ್ದು ಅವರ ಗೋಡೆಯ ಕ್ಯಾಲೆಂಡರು ನೇರ ಮಾಡುತ್ತೇನೆ. ಡ್ರಾಯಿಂಗ್ ಟೀಚರ್ ಕೆಲಸದಿಂದ ನಿವೃತ್ತಳಾದಾಗ ನಮ್ಮ ಮನೆಯವರು, "ಇನ್ನಾರೂ ಒಂದ್ ಬದಿಗ್ ಕೂಕೊ ಮಾರಾಯ್ತಿ" ಎಂದರು. ನಾನು ವಿಶೇಷ ಮಕ್ಕಳ ಶಾಲೆಗಳಲ್ಲಿ ಚಿತ್ರ ಕಲಿಸುವ ಕೆಲಸ ಹಿಡಿದೆ. ಅದೂ ಒಂದು ಶಾಲೆಯಲ್ಲಲ್ಲ. ಬ್ರಹ್ಮಾವರದಲ್ಲೊಂದು, ಕುಂದಾಪುರದಲ್ಲೊಂದು, ಬೈಂದೂರಿನಲ್ಲೊಂದು. ಚೀಲದಿಂದ ಇಣುಕುವ ಬ್ರಷ್ಷುಗಳನ್ನು ಕಂಡು ಬಸ್ಸಿನ ಕಂಡಕ್ಟರರು ನನಗೆ "ಪೈಂಟ್ ಟೀಚರ್" ಎಂದು ಹೆಸರಿಟ್ಟಿದ್ದಾರೆ.

ಈ ವರ್ಷ ಮೂರೂ ಶಾಲೆಗಳು ಸೇರಿ ಕುಂದಾಪುರದಲ್ಲಿ ಮಕ್ಕಳ ಚಿತ್ರಪ್ರದರ್ಶನ ಮಾಡುವುದೆಂದು ನಿಶ್ಚಯವಾಯಿತು. ವಿಷಯ ಕಡಲು. ನನಗೆ ಖುಷಿಯಾಯಿತು, ಹಿಂದೆಯೇ ಚಡಪಡಿಕೆಯೂ ಶುರುವಾಯಿತು. ಕಡಲನ್ನು ಹಿಡಿದು ಕಾಗದದ ಮೇಲೆ ಕೂರಿಸುವುದು ಹೇಗೆ? ನಮ್ಮ ಭಾಷೆಯಲ್ಲಿ ಅದಕ್ಕೆ ಜಲಧಿ, ವಾರಿಧಿ, ಅಂಬುಧಿ, ಶರಧಿ ಎಂದು ಎಷ್ಟೊಂದು ಹೆಸರು! ಬಿಡಿಸಿ ನೋಡಿದರೆ ಎಲ್ಲಕ್ಕೂ ಒಂದೇ ಅರ್ಥ, ನೀರು ತುಂಬಿಟ್ಟುಕೊಂಡದ್ದು. ನೀರಿನ ಟಾಂಕಿಗೂ ಇದೇ ಹೆಸರು ಒಪ್ಪೀತು. ಅದು ಅಲುಗುತ್ತದೆ, ಹೊರಳುತ್ತದೆ, ಒಂದು ಗಳಿಗೆ ಸುಮ್ಮನಿರುವುದಿಲ್ಲ ಎಂಬುದು ಇದರಲ್ಲೆಲ್ಲೂ ಇಲ್ಲ. ಆ ಪದಗಳನ್ನು ಕಟ್ಟಿದವರು ದಡದಿಂದ ಬಹಳ ದೂರದಲ್ಲಿ, ಬಹಳ ನೆಮ್ಮದಿಯಿಂದ ಕೂತಿದ್ದರೆಂದು ನನ್ನ ಗುಮಾನಿ.

ಬ್ರಹ್ಮಾವರದ ಮಕ್ಕಳು ಅಂಗೈಗೆ ಬಣ್ಣ ಬಳಿದು ಒತ್ತಿ ಮೀನು ಮಾಡಿದರು. ಕುಂದಾಪುರದವರು ಹಳೆಯ ಬಲೆಯ ತುಂಡನ್ನು ಬಣ್ಣದಲ್ಲಿ ಅದ್ದಿ ಕಾಗದಕ್ಕೆ ಬಡಿದರು. ಬಣ್ಣ ಕಾಗದಕ್ಕಿಂತ ನನ್ನ ಸೀರೆಗೇ ಹೆಚ್ಚು ಬಿತ್ತು. ಕಷ್ಟವಾದದ್ದು ಬೈಂದೂರಿನಲ್ಲಿ. ಅಲ್ಲಿ ದೀಕ್ಷಾ ಎಂಬ ಹುಡುಗಿಯಿದ್ದಳು.

ದೀಕ್ಷಾಳಿಗೆ ಆಟಿಸಂ. ಮಾತು ಇಲ್ಲವೆನ್ನುವಷ್ಟು ಕಡಿಮೆ. ಶಾಲೆಗೆ ಬಂದವಳೇ ಗೋಡೆಗೆ ಬೆರಳು ತಾಗಿಸಿಕೊಂಡು ನಡೆಯಲು ಶುರುಮಾಡಿದರೆ ಮನೆಗೆ ಹೋಗುವವರೆಗೂ ನಡಿಗೆಯೇ. ಕುರ್ಚಿಯಲ್ಲಿ ಕೂರಿಸಿ ಕೈಗೆ ಬ್ರಷ್ ಕೊಟ್ಟರೆ ಕಿರುಚಿ ತನ್ನ ಮುಂಗೈಯನ್ನೇ ಕಚ್ಚಿಕೊಳ್ಳುತ್ತಿದ್ದಳು. ಅಪ್ಪ ದೋಣಿಗೆ ಹೋಗುವವರು. ಅಮ್ಮ ಸುಜಾತ ಗೇರುಬೀಜದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವಾಕೆ.

ಮಕ್ಕಳನ್ನೆಲ್ಲ ಒಮ್ಮೆ ಕಡಲ ಹತ್ತಿರವೇ ಕರೆದುಕೊಂಡು ಹೋಗೋಣ ಎಂದು ಹಟ ಹಿಡಿದವಳು ನಾನು. ಶಾಲೆಯ ಮುಖ್ಯಸ್ಥೆ ರೇಖಾ ಟೀಚರ್ ಹಿಂದೆಮುಂದೆ ನೋಡಿದರು. ಕೊನೆಗೆ ಒಂದು ಬೆಳಿಗ್ಗೆ ವ್ಯಾನು ಹೊರಟಿತು. ನೀರು ಕಂಡೊಡನೆ ಕೆಲವರು ಕುಣಿದರು, ಒಬ್ಬ ನನ್ನ ಸೆರಗಿನೊಳಗೆ ಅವಿತ. ದೀಕ್ಷಾ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕೈ ಇಳಿಸಿ, ಒದ್ದೆ ಮರಳು ಮುಗಿದು ಒಣಮರಳು ಶುರುವಾಗುವ ಗೆರೆಯ ಮೇಲೆ ಮೆಲ್ಲನೆ ನಡೆಯತೊಡಗಿದಳು. ನಾನು ಹಿಂದೆಯೇ ಹೋದೆ. ಅಷ್ಟರಲ್ಲಿ ಇನ್ನೊಂದು ಮಗುವಿನ ಗಾಲಿಕುರ್ಚಿ ಮರಳಲ್ಲಿ ಹೂತಿತೆಂದು ರೇಖಾ ಟೀಚರ್ ಕೂಗಿದರು. ತಿರುಗಿದೆ, ಎತ್ತಿದೆ, ಮತ್ತೆ ನೋಡುತ್ತೇನೆ, ದೀಕ್ಷಾ ಅಷ್ಟು ದೂರ! ಅವಳ ಮುಂದೆ ಹೊಳೆ ಬಂದು ಕಡಲಿಗೆ ಸೇರುವ ಜಾಗ. ಅಲ್ಲಿಯ ಸೆಳೆತ ಊರಿನವರಿಗೆಲ್ಲ ಗೊತ್ತಿರುವಂಥದ್ದು.

ಓಡಿದೆ. ಚಪ್ಪಲಿ ಎಲ್ಲಿ ಕಳಚಿತೋ ತಿಳಿಯದು. ಹೆಸರು ಹಿಡಿದು ಕೂಗಿದೆ. ಅವಳು ಹೆಸರಿಗೆ ತಿರುಗುವ ಹುಡುಗಿಯಲ್ಲ. ಹೊಳೆಯ ಬಾಯಿ ಇನ್ನೇನು ಸಿಕ್ಕಿತು ಎನ್ನುವಾಗ ಕೈ ಹಿಡಿದೆ. ಅವಳು ಕಿರುಚಿ ಮರಳ ಮೇಲೆ ಬಿದ್ದಳು. ಏನು ತೋಚಿತೋ, ಕೈ ಬಿಟ್ಟು, ಅವಳಿಗೂ ನೀರಿಗೂ ನಡುವೆ ನಿಂತೆ. ಅವಳು ಎದ್ದಳು, ತಿರುಗಿದಳು, ಬಂದ ಗೆರೆಯಲ್ಲೇ ವಾಪಸು ಹೊರಟಳು. ನಾನು ನೀರಿನ ಬದಿಯಲ್ಲಿ, ಅವಳು ಮರಳಿನ ಬದಿಯಲ್ಲಿ. ವ್ಯಾನಿನವರೆಗೂ ಹಾಗೇ ಬಂದೆವು.

ಸಂಜೆ ಸುಜಾತಳಿಗೆ ನಡೆದದ್ದು ಹೇಳಿದೆ.

"ಟೀಚರೇ, ನಿಮ್ ಚಿತ್ರ ಯಾರಿಗ್ ಬೇಕ್? ನಂಗ್ ನನ್ ಮಗಳ್ ಬೇಕ್" ಎಂದವಳೇ ಮಗಳನ್ನು ಕರೆದುಕೊಂಡು ಹೋದಳು. ಮರುದಿನದಿಂದ ದೀಕ್ಷಾ ಶಾಲೆಗೆ ಬರಲಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಮನೆಯ ಪಾತ್ರೆಗಳನ್ನೆಲ್ಲ ಮತ್ತೆ ಮತ್ತೆ ಜೋಡಿಸಿದೆ, ಒಗೆದ ಬಟ್ಟೆಯನ್ನೇ ಒಗೆದೆ. ಬಸ್ಸಿನಲ್ಲಿ ಇಳಿಯುವ ಸ್ಟಾಪು ಬಿಟ್ಟು ಮುಂದೆ ಹೋದದ್ದೂ ಉಂಟು. ಕೊನೆಗೆ ಒಂದು ಭಾನುವಾರ ಸುಜಾತಳ ಮನೆಗೇ ಹೋದೆ. ಗೇಟಿಗೆ ಹಗ್ಗ ಬಿಗಿದಿತ್ತು. ಅಂಗಳದಲ್ಲಿ ದೀಕ್ಷಾ ತೆಂಗಿನಮರ ಸುತ್ತುತ್ತಿದ್ದಳು. ಅವಳ ಹಿಂದೆ, ಸಾರಿನ ಸೌಟು ಕೈಯಲ್ಲಿ ಹಿಡಿದುಕೊಂಡೇ, ಸುಜಾತ.

"ಸುಜಾತ, ನಾನ್ ಬೈಸ್ಕಂಬುಕೇ ಬಂದದ್ದ್" ಎಂದೆ.

"ಬೈದ್ ಎಂತ ಮಾಡೂದ್, ಟೀಚರೇ. ಬನಿ, ಕೂಕಣಿ" ಎಂದು ಹಗ್ಗ ಬಿಚ್ಚಿದಳು. ಆಕೆ ಮಾತ್ರ ಕೂರಲಿಲ್ಲ. ಕಣ್ಣು ಮಗಳ ಮೇಲೆಯೇ. "ಇವ್ಳ್ ನಡೂಕೆ ಕಲ್ತಲ್ಲಿಂದ ನಾನ್ ಇವ್ಳ್ ಹಿಂದೇ ಇದ್ದೆ. ಕಡ್ಲ್ ಇಷ್ಟ್ ಹತ್ರ ಇದ್ರೂ ಹೆದ್ರಿ ಒಂದ್ ದಿನ ಕರ್ಕಂಡ್ ಹೋಯ್ಲಿಲ್ಲ."

ನಾನು ಆ ದಿನದ್ದನ್ನು ಪೂರ್ತಿ ಹೇಳಿದೆ. ಕೈ ಹಿಡಿದಾಗ ಬಿದ್ದದ್ದು, ಬಿಟ್ಟಾಗ ಎದ್ದು ನನ್ನ ಜೊತೆ ಬಂದದ್ದು. ಸುಜಾತ ತಟ್ಟನೆ ನನ್ನತ್ತ ತಿರುಗಿದಳು.

"ನಿಮ್ ಬದಿಯಗೇ ನಡ್ದ್ಲಾ? ಮುಂದ್ ಓಡ್ಲಿಲ್ಯಾ?"

"ಇಲ್ಲ. ಬದಿಯಗೇ."

ಆಕೆ ಸೌಟನ್ನು ಕಟ್ಟೆಯ ಮೇಲಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ಕಳ್ಸ್ತೆ. ಆರೆ ಒಂದಿನ ರಜೆ ಹಾಕಿ ನಾನೂ ಬತ್ತೆ" ಎಂದಳು.

ಅವರು ಬರುವ ದಿನಕ್ಕೆಂದು ಪ್ರೆಸ್ಸಿನಿಂದ ಕಾಗದದ ದೊಡ್ಡ ಸುರುಳಿ ತಂದೆ. ಶಾಲೆಯ ಜಗಲಿಯ ಗೋಡೆಗೆ ಈ ತುದಿಯಿಂದ ಆ ತುದಿಗೆ ಅಂಟಿಸಿದೆವು. ಕುರ್ಚಿ ಇಲ್ಲ, ಬ್ರಷ್ಷೂ ಇಲ್ಲ. ದೀಕ್ಷಾ ಗೋಡೆಯ ಬದಿಯಲ್ಲಿ ನಡೆಯುತ್ತ ಬಂದಾಗ ನೀಲಿಯಲ್ಲಿ ಅದ್ದಿದ ಸ್ಪಂಜನ್ನು ಅವಳ ಬೆರಳಿಗೆ ತಾಗಿಸಿದೆ. ಎಸೆದಳು. ಮುಂದಿನ ಸುತ್ತಿನಲ್ಲಿ ಮತ್ತೆ ಕೊಟ್ಟೆ, ಮತ್ತೆ ಎಸೆದಳು. ರೇಖಾ ಟೀಚರ್ ನಿಟ್ಟುಸಿರುಬಿಟ್ಟರು. ಆಗ ಸುಜಾತ ತಾನೇ ಒಂದು ಸ್ಪಂಜು ತೆಗೆದುಕೊಂಡು, ಮಗಳ ಬದಿಯಲ್ಲಿ, ಕಾಗದದ ಮೇಲೆ ಅದನ್ನು ಎಳೆಯುತ್ತ ನಡೆದಳು. ದೀಕ್ಷಾ ಆ ಗೆರೆಯನ್ನು ನೋಡಿದಳು. ಒದ್ದೆ ಬಣ್ಣವನ್ನು ಬೆರಳಿಂದ ಮುಟ್ಟಿದಳು. ಆಮೇಲೆ ಅಮ್ಮನ ಕೈಯಿಂದ ಸ್ಪಂಜು ಕಿತ್ತುಕೊಂಡು ಹೊರಟಳು ನೋಡಿ! ಗೆರೆ ಏರಿತು, ಇಳಿಯಿತು, ತುದಿಗೆ ಹೋಗಿ ತಿರುಗಿತು. ಗೆರೆಯ ಮೇಲೆ ಗೆರೆ. ಬಣ್ಣ ಮುಗಿದಾಗ ನನ್ನ ಮುಂದೆ ಬಂದು ಸ್ಪಂಜು ಚಾಚಿದಳು. ಬೇಡವಾದದ್ದನ್ನು ಎಸೆಯುವುದಷ್ಟೇ ಗೊತ್ತಿದ್ದ ಹುಡುಗಿ ಅಂದು ಬೇಕಾದದ್ದನ್ನು ಕೇಳಿದ್ದಳು. ಸುಜಾತ ಕಂಬಕ್ಕೊರಗಿ ನಗುತ್ತ ಅಳುತ್ತಿದ್ದಳು.

ಪ್ರದರ್ಶನದ ದಿನ ಆ ಕಡಲು ಕುಂದಾಪುರದ ಸಭಾಂಗಣದ ಒಂದು ಗೋಡೆಗೆ ಹಿಡಿಸದೆ ಮೂಲೆ ತಿರುಗಿ ಇನ್ನೊಂದು ಗೋಡೆಗೂ ಹೋಯಿತು. ಬಂದವರು ನಿಂತು ನೋಡಿ ಮುಗಿಸುವಂತಿರಲಿಲ್ಲ. ಚಿತ್ರದ ಜೊತೆ ನಡೆಯಲೇಬೇಕಿತ್ತು. ಮುಖ್ಯ ಅತಿಥಿಗಳು, "ಇದರಲ್ಲಿ ಮೀನು ಎಲ್ಲಿ?" ಎಂದು ಕೇಳಿದರು. "ಒಳಗಿರಬೇಕು ಸರ್" ಎಂದೆ.

ಮಕ್ಕಳು ಹೊರಗೆ ಹೋಗದಂತೆ ಬಾಗಿಲುಗಳಲ್ಲೆಲ್ಲ ನಮ್ಮ ಟೀಚರುಗಳೇ ನಿಂತಿದ್ದರು. ದೀಕ್ಷಾ ತನ್ನ ಚಿತ್ರಕ್ಕೆ ಬೆರಳು ತಾಗಿಸಿಕೊಂಡು ನಡೆಯುತ್ತಿದ್ದಳು. ಅವಳ ಬದಿಯಲ್ಲಿ ನಾನು. ತಾಯಂದಿರ ಸನ್ಮಾನಕ್ಕೆಂದು ಮೈಕಿನಲ್ಲಿ ಸುಜಾತಳ ಹೆಸರು ಕರೆದರು. ಅತಿಥಿಗಳು ಶಾಲು ಬಿಡಿಸಿ ಹಿಡಿದು ನಿಂತರು. ಮತ್ತೊಮ್ಮೆ ಕರೆದರು. ರೇಖಾ ಟೀಚರ್ ಗಾಬರಿಯಿಂದ ಓಡಿಬಂದರು.

"ಹ್ವಾಯ್, ಸುಜಾತ ಎಲ್ಲಿ?"

ಹಿಂದಿನ ಸಾಲಿನತ್ತ ಕೈ ತೋರಿಸಿದೆ. ಅಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ, ಬಾಯಿ ಸ್ವಲ್ಪವೇ ತೆರೆದು, ಸುಜಾತ ಗಾಢ ನಿದ್ದೆಯಲ್ಲಿದ್ದಳು. ಮಗಳು ಹೋದ ಕಡೆಗೆ ಹೋಗಬೇಕಿಲ್ಲದ ಒಂದು ಮಧ್ಯಾಹ್ನ ಆಕೆಗೆ ಸಿಕ್ಕಿತ್ತು.

"ಏಳ್ಸ್ಕಾ?" ಎಂದರು ರೇಖಾ ಟೀಚರ್.

"ಬೇಡ" ಎಂದೆ. "ಸನ್ಮಾನ ಈಗ ಅಲ್ಲೇ ಆತಾ ಇತ್ತ್."