ಬಿಸಿಲಿಗೆ ಬಾರದ ಚಿತ್ರ

ರೇಷ್ಮೆ ಸೀರೆಯ ಮಡಿಕೆ ಬಿಚ್ಚುತ್ತಲೇ ನುಸಿಗುಳಿಗೆಯ ವಾಸನೆ ಎದ್ದಿತು. ಆಂಟಿ ತಮ್ಮ ಮನೆಯ ಗೋಡೆಯಲ್ಲಿದ್ದ ಚಿತ್ರವನ್ನು ಸುತ್ತಿ ನನಗೆ ಕೊಟ್ಟಿದ್ದ ಸೀರೆ ಅದು. ಅವರು ಇನ್ನಿಲ್ಲವೆಂದು ಬೆಳಗ್ಗೆ ಪ್ರಾಸ್ಪರ್ ಊರಿನಿಂದ ಅವರ ಮಗನ ಫೋನು ಬಂದಿತ್ತು. ಹಿಂದಿನ ವಾರವಷ್ಟೇ ನಗುತ್ತ ಮಾತನಾಡಿದ್ದರು...

ಅಮೆರಿಕದ ಪ್ಲೇನೋ ಊರಿನಲ್ಲಿ ಅವರು ನಮ್ಮ ಪಕ್ಕದ ಮನೆಯವರು, ನಿವೃತ್ತ ವೈದ್ಯೆ. ಅಂಕಲ್ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಹಾಲ್‌ನ ಗೋಡೆಯ ಮೇಲೆ ಅಂಕಲ್ ಕೊಂಡು ತಂದಿದ್ದ ಅಮೆರಿಕದ ಹಳೆಯ ಅಚ್ಚುಚಿತ್ರವೊಂದಿತ್ತು: ತಾಮ್ರದ ತಗಡಿನ ಮೇಲೆ ಗೀರಿ, ಕಪ್ಪು ಶಾಯಿಯಲ್ಲಿ ಒತ್ತಿ ತೆಗೆದದ್ದು. ರಾತ್ರಿಯ ಬೀದಿ, ಒಂದೇ ದೀಪ, ನಡೆದುಹೋಗುವವನ ಉದ್ದನೆಯ ನೆರಳು. ಮೇಲಿನ ಕಿಟಕಿಯಲ್ಲಿ ಒಬ್ಬಳು ಹೆಂಗಸು. ಬಿಸಿಲು ತಗುಲಿದರೆ ಕಾಗದ ಕೆಡುತ್ತದೆಂದು ಆಂಟಿ ಹಗಲೆಲ್ಲ ಕಿಟಕಿಗಳ ಬ್ಲೈಂಡ್ಸ್ ಇಳಿಸಿಯೇ ಇಡುತ್ತಿದ್ದರು. ಕಾಲೇಜಿನ ಚರ್ಚಾಸ್ಪರ್ಧೆಗಳ ಹುರುಪಿನಲ್ಲಿ ನಾನು ಆ ದೀಪವನ್ನು ನ್ಯಾಯವೆಂದೂ ಕತ್ತಲನ್ನು ಸಮಾಜವೆಂದೂ ವಿವರಿಸುತ್ತಿದ್ದೆ.

"ಭಾಷಣ ಮುಗೀತಾ ಲಾಯರ್ ಸಾಹೇಬ್ರೇ? ಕಾಫಿ ಆರ್ತಿದೆ," ಎನ್ನುತ್ತಿದ್ದರು.

ಮುಂದೆ ಮಗ ಪ್ರಾಸ್ಪರ್‌ನಲ್ಲಿ ಮನೆ ಕೊಂಡು ತಾಯಿಯನ್ನು ಕರೆದೊಯ್ದ. ಗೃಹಪ್ರವೇಶದ ದಿನ ಆ ಚಿತ್ರ ಗ್ಯಾರೇಜಿನಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು. "ಈ ಮನೆಗೆ ಅದು ಬೇಡ ಅಂತ ಆಗಿದೆ," ಎಂದ ಮಗ. ಕತ್ತಲೆಯ ಚಿತ್ರ ಹೊಸ ಮನೆಗೆ ಅಶುಭವೆಂದು ಸೊಸೆಯೇ ತಡೆದಿರಬೇಕೆಂದು ತೀರ್ಮಾನಿಸಿದ ನಾನು ಊಟದ ನಡುವೆಯೇ ಎದ್ದು ನಿಂತೆ. ವಾಸ್ತು, ಮೂಢನಂಬಿಕೆ, ಹಿರಿಯರ ಹಕ್ಕು... ಒಂದನ್ನೂ ಬಿಡಲಿಲ್ಲ. ಸೊಸೆ ಹೋಳಿಗೆಯ ತಟ್ಟೆ ಹಿಡಿದು ಕಣ್ಣು ಕಣ್ಣು ಬಿಟ್ಟು ನಿಂತಿದ್ದಳು.

"ಕೂತ್ಕೊಳೋ," ಎಂದರು ಆಂಟಿ. "ಬೇಡ ಅಂದಿದ್ದು ಅವಳಲ್ಲ, ನಾನು."

ಬಡಿಸುವವರ ಕೈಗಳೂ ನಿಂತವು.

"ಅವರ ಪ್ರೀತಿಯ ಪಟ ಅಂತ ಇಷ್ಟು ವರ್ಷ ಬ್ಲೈಂಡ್ಸ್ ಇಳಿಸ್ಕೊಂಡು ಕೂತಿದ್ದೆ. ಇಲ್ಲಿ ನನ್ನ ರೂಮಿಗೆ ಎಷ್ಟು ಚೆನ್ನಾಗಿ ಬಿಸಿಲು ಬರತ್ತೆ ಗೊತ್ತಾ? ಅದಕ್ಕೆ ಬಿಸಿಲು ಆಗಲ್ಲ, ನಂಗೆ ಬಿಸಿಲು ಬೇಕು. ನೀನೇ ತಗೊಂಡ್ಹೋಗು."

ನಾನು ಕುಳಿತೆ. ಎಲೆಯಲ್ಲಿ ಏನಿತ್ತೆಂಬುದೂ ಈಗ ನೆನಪಿಲ್ಲ. ಅಷ್ಟು ಕಾಲ ಪ್ಲೇನೋದ ಆ ಹಾಲ್‌ನಲ್ಲಿ ಕೂತು ಕಾಫಿ ಕುಡಿದಿದ್ದೆ. ಅಲ್ಲಿ ಕತ್ತಲಿದೆ ಎಂದು ಒಮ್ಮೆಯೂ ಅನಿಸಿರಲಿಲ್ಲ...

ಆಸ್ಟಿನ್‌ಗೆ ಶಿಫ್ಟ್ ಆದ ಮೇಲೆ ನಾನೂ ಚಿತ್ರಕ್ಕಾಗಿ ಬ್ಲೈಂಡ್ಸ್ ಇಳಿಸಿಯೇ ಇಟ್ಟಿದ್ದೆ. ಇಂದು ಅದನ್ನು ಗೋಡೆಯಿಂದ ಇಳಿಸಿ, ಅವರ ಸೀರೆಯಲ್ಲೇ ಸುತ್ತಿ, ಕಪಾಟಿನಲ್ಲಿಟ್ಟೆ. ಬ್ಲೈಂಡ್ಸ್ ಎತ್ತಿದೆ. ಸಂಜೆಯ ಬಿಸಿಲು ನೇರ ಗೋಡೆಗೆ ಬಿತ್ತು. ಅಲ್ಲಿ ಈಗ ಒಂದು ಮೊಳೆ. ಅದರ ಉದ್ದನೆಯ ನೆರಳು.