ನಾಲ್ಕನೇ ಕಾಲಿನ ಕೆಳಗೆ

ಮೂಡುಬಿದಿರೆಯಲ್ಲಿ ಸೋದರಮಾವನ ಕ್ರೇನಿನ ಕೆಲಸಕ್ಕೆ ನಾನು ಸೇರಿದ್ದು ದೊಡ್ಡಮ್ಮನ ಮಗನಿಗಿಂತ ಎಂಟು ತಿಂಗಳು ಮೊದಲು. ಆದರೂ ಆ ಏಪ್ರಿಲ್ ಮೊದಲ ವಾರದ ಕೊನೆಗೆ ನನ್ನ ಡೈರಿಯ ಪ್ರಕಾರ ಕ್ರೇನ್ ನಡೆಸಲು ಅವನು ಕ್ಯಾಬಿನ್‌ನಲ್ಲಿ ಕೂತದ್ದು ಹತ್ತೊಂಬತ್ತು ಸಲ, ನಾನು ಮೂರು ಸಲ. ಹಲಗೆ ಇಟ್ಟದ್ದು ಮಾತ್ರ ನಾನೇ, ನೂರ ಹನ್ನೆರಡು ಸಲ.

ಭಾರ ಎತ್ತುವ ಮೊದಲು ಕ್ರೇನ್ ತನ್ನ ನಾಲ್ಕು ಕಬ್ಬಿಣದ ಕಾಲುಗಳನ್ನು ಎರಡೂ ಬದಿಗೆ ಚಾಚಿ ನೆಲಕ್ಕೆ ಊರಬೇಕು, ಇಲ್ಲವಾದರೆ ಮಗುಚುತ್ತದೆ. ತೋಡಿನ ಮೇಲಿನ ಸಂಕ ದಾಟುವಾಗ ನಾವು ಕೈ ಅಗಲಿಸುವುದಿಲ್ಲವೇ, ಹಾಗೆ. ಆ ಕಾಲುಗಳ ಕೆಳಗೆ ನೆಲ ಗಟ್ಟಿಯಿದೆಯೇ ಎಂದು ಹಾರೆಯಿಂದ ಬಡಿದು ನೋಡಿ ದಪ್ಪ ಹಲಗೆ ಇಡುವುದು ನನ್ನ ಪಾಲಿನ ಕೆಲಸ.

ಏಪ್ರಿಲ್ ಎರಡನೇ ಸೋಮವಾರ ಪುತ್ತಿಗೆಯ ಒಂದು ಮನೆಯ ತಾರಸಿಗೆ ಶೀಟಿನ ಮಾಡಿನ ಚೌಕಟ್ಟು ಏರಿಸಬೇಕಿತ್ತು. ದೊಡ್ಡಮ್ಮನ ಮಗ ಇದನ್ನು ಸರಿಯಾಗಿ ಮುಗಿಸಿದರೆ ಕ್ಯಾಬಿನ್ ಇನ್ನು ಅವನದೇ ಎಂದು ಮಾವ ಹೇಳಿಬಿಟ್ಟಿದ್ದರು.

ಅಂಗಳಕ್ಕೆ ಹೊಸ ಇಂಟರ್‌ಲಾಕ್ ಇಟ್ಟಿಗೆ ಹಾಸಿದ್ದರು. ಮೂರು ಕಡೆ ಹಾರೆ ಟಣ್ ಎಂದಿತು. ನಾಲ್ಕನೆಯ ಕಡೆ ಮಡಕೆ ಬಡಿದಂಥ ಸದ್ದು. ಹಳೆಯ ಪಾಯಿಖಾನೆ ಗುಂಡಿಗೆ ಚಪ್ಪಡಿ ಮುಚ್ಚಿ, ಮಣ್ಣು ಹಾಕಿ ಅಂಗಳ ಮಾಡಿಬಿಡುವುದು ನಮ್ಮ ಕಡೆ ಹೊಸತಲ್ಲ. ಇಲ್ಲೂ ಅಡಿಯಲ್ಲಿ ಟೊಳ್ಳಿದೆ ಎಂದು ನನಗೆ ಗೊತ್ತಾಯಿತು. ಆದರೂ ಹಲಗೆ ಇಟ್ಟೆ. ಕಾಲು ಒಂದು ಗೇಣು ಕುಸಿಯಲಿ, ಮಾವನ ಎದುರು ಅವನ ಮುಖ ಬಾಡಲಿ, ಅಷ್ಟೇ ಸಾಕಿತ್ತು ನನಗೆ.

ಅವನು ಕ್ಯಾಬಿನ್‌ನಿಂದ ಬಗ್ಗಿ ಕೇಳಿದ: "ನೆಲ ನೋಡಿದ್ದು ನೀನೇ ಅಲ್ವಾ?"

"ಹೌದು."

"ಹಾಗಾದ್ರೆ ನಾನು ಇಳಿದು ನೋಡುವುದಿಲ್ಲ ಮಾರಾಯ."

ಕೊಕ್ಕೆ ಬಿಗಿಯಿತು. ಚೌಕಟ್ಟು ನೆಲ ಬಿಟ್ಟಿತು. ಅದರ ತುದಿಗೆ ಕಟ್ಟಿದ ಹಗ್ಗ ಹಿಡಿದು ಇಬ್ಬರು ವೆಲ್ಡರ್‌ಗಳು ನಿಂತಿದ್ದರು. ನನ್ನ ಲೆಕ್ಕದಲ್ಲಿ ಅವರು ಇರಲೇ ಇಲ್ಲ. ಮನಸ್ಸಿನಲ್ಲೇ ಇಪ್ಪತ್ತಮೂರರವರೆಗೆ ಎಣಿಸಿದ ಮೇಲೆ ಕೈ ಎತ್ತಿದೆ. ಅವನು ತಕ್ಷಣ ಭಾರ ಇಳಿಸಿದ. ಹಲಗೆಯ ಅಡಿಯಲ್ಲಿ ಇಂಟರ್‌ಲಾಕ್ ಎರಡು ಬೆರಳು ತಗ್ಗಿತ್ತು. ಕ್ರೇನನ್ನು ಗೇಟಿನ ಕಡೆಗೆ ಸರಿಸಿ, ಮಧ್ಯಾಹ್ನದೊಳಗೆ ಕೆಲಸ ಮುಗಿಸಿದೆವು.

ಚಹಾ ಕುಡಿಯುವಾಗ ಮಾವ ಅವನ ಬೆನ್ನು ತಟ್ಟಿದರು. "ಕೈ ಕಂಡದ್ದೇ ನಿಲ್ಲಿಸಿದ ನೋಡು. ಮೇಲೆ ಕೂರುವವನಿಗೆ ಬೇಕಾದದ್ದು ಅದು."

ಗುಂಡಿ ಕಂಡುಹಿಡಿದದ್ದು ನಾನು ಎಂದು ಬಾಯಿಯವರೆಗೆ ಬಂತು. ಯಾವಾಗ ಕಂಡುಹಿಡಿದೆ ಎಂದು ಕೇಳಿದರೆ? ಲೋಟ ಖಾಲಿ ಮಾಡಿದೆ.

ಮರುದಿನದ ಉಜಿರೆಯ ಕೆಲಸಕ್ಕೆ ಮಾವ ಕೀಲಿ ಕೊಟ್ಟದ್ದು ಅವನ ಕೈಗೆ. ಸಂಜೆ ಡೈರಿಯಲ್ಲಿ ಅವನ ಹತ್ತೊಂಬತ್ತನ್ನು ಇಪ್ಪತ್ತು ಮಾಡಿದೆ. ನನ್ನ ಮೂರರ ಪಕ್ಕದಲ್ಲಿ ಇಪ್ಪತ್ತಮೂರು ಎಂದು ಬರೆದೆ. ಅದು ಯಾವುದರ ಲೆಕ್ಕವೆಂದು ಬರೆಯಲಿಲ್ಲ.