ಚರ್ಚಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಫ್ರೀಮಾಂಟಿಗೆ ಯಾರೇ ನೆಂಟರು ಬರಲಿ, ಊರು ತೋರಿಸುವ ಕೆಲಸ ನನ್ನದು. ಸ್ಪೇನಿನವರು ಕಟ್ಟಿದ ಹಳೇ ಚರ್ಚು, ಅದರ ಪಕ್ಕದ ಗೋರಿಗಳು, ಕೆರೆ, ಲೈಬ್ರರಿ, ಕೊನೆಗೆ ಇಂಡಿಯನ್ ಗ್ರೋಸರಿ. ಎರಡು ಗಂಟೆಯಲ್ಲಿ ಮುಗಿಸಿ ಕೈತೊಳೆದುಕೊಳ್ಳುತ್ತಿದ್ದೆ. ಮಂಡ್ಯದಿಂದ ಆರು ತಿಂಗಳಿಗೆಂದು ಬಂದ ಅತ್ತೆಗೂ ಅಷ್ಟೇ ಮಾಡಿದೆ. ಡಾಟ್ ಕಾಮ್ ಕಂಪನಿಗಳ ಭರಾಟೆಯ ಕಾಲ. ಬೆಳಗಾದರೆ ಗಂಡ ಸೇತುವೆ ದಾಟಿ ರೆಡ್‌ವುಡ್ ಸಿಟಿಗೆ, ನಾನು ಮಿಲ್ಪಿಟಾಸಿಗೆ. ಅತ್ತೆ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ.

"ನಡ್ಕಂಡ್ ಹೋಗಕೆ ಒಂದ್ ಜಾಗಾನೂ ಇಲ್ವೇನವ್ವ ಇಲ್ಲಿ?" ಎಂದು ದಿನಾ ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಚರ್ಚು ಹತ್ತೇ ನಿಮಿಷದ ದಾರಿ ಎಂದು ಹೇಳಲಿಲ್ಲ. ಅವರೇ ಕಂಡುಕೊಂಡರು. ದೇವರು ಯಾರಾದರೇನು, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಒಂದು ಗಂಟೆ ಸುಮ್ಮನೆ ಕೂತು ಬರುತ್ತಿದ್ದರು. ಆ ಒಂದು ಗಂಟೆ ಬಿಟ್ಟರೆ ಈ ದೇಶದಲ್ಲಿ ತಮ್ಮದು ಅನ್ನುವಂಥದ್ದು ಅವರಿಗೆ ಏನೂ ಇರಲಿಲ್ಲ. ಅದು ನನಗೆ ಗೊತ್ತಿತ್ತು.

ಒಂದು ದಿನ ಗ್ರೋಸರಿಯಲ್ಲಿ ಮೈಸೂರಿನ ಒಬ್ಬಾಕೆ ನಕ್ಕಳು. "ನಿಮ್ಮತ್ತೆ ಬರಿಗಾಲಲ್ಲಿ ಚರ್ಚಿಗೆ ಪ್ರದಕ್ಷಿಣೆ ಹಾಕ್ತಿದ್ರು ಕಣ್ರೀ, ಸೋ ಕ್ಯೂಟು!"

ಮೈಯೆಲ್ಲ ಉರಿದುಹೋಯಿತು. ಮರುದಿನ ಮಧ್ಯಾಹ್ನ ಆಫೀಸಿನಿಂದ ಬೇಗ ಹೊರಟು ಚರ್ಚಿನ ಮುಂದೆ ಕಾರು ನಿಲ್ಲಿಸಿದೆ. ಬಾಗಿಲ ಪಕ್ಕ ಅತ್ತೆಯ ಕಂದು ಚಪ್ಪಲಿ, ಗೋಡೆಗೆ ಒತ್ತಿ, ಜೋಡಿಯಾಗಿ. ಎತ್ತಿ ಡಿಕ್ಕಿಯ ಮೂಲೆಯಲ್ಲಿ ಹಳೇ ಚೀಲಗಳ ಅಡಿಗೆ ತುರುಕಿ ಮನೆಗೆ ಬಂದೆ. ಬುದ್ಧಿ ಬರಲಿ ಎಂದುಕೊಂಡೆ. ಅದು ಸುಳ್ಳು. ನೋಯಲಿ ಎಂದುಕೊಂಡೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಆದರೆ ಅತ್ತೆಯ ಕಾಲದಲ್ಲಿ ಆ ಹೆಂಗಸು ನನಗೆ ಒಂದು ಬಿರುಸಿನ ಮಾತೂ ಆಡಿರಲಿಲ್ಲ.

ಆಗಸ್ಟ್ ತಿಂಗಳ ಬಿಸಿಲು. ಕುಂಟುತ್ತಾ ಬಂದರು. ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು. ಏನಾಯಿತು ಎಂದು ಕೇಳಿದೆ.

"ಯಾರೋ ಚಪ್ಲಿ ತಕಂಡೋಗವ್ರೆ. ದ್ಯಾವಸ್ಥಾನದಲ್ಲಿ ಚಪ್ಲಿ ಕಳುದ್ರೆ ಪೀಡೆ ಕಳೀತು ಅಂತಾರಲ್ಲ, ಹಂಗೇ ಬುಡವ್ವ," ಎಂದು ನಕ್ಕರು.

"ಕಾರ್ಪೆಟ್ ಮೇಲೆ ಕಾಲಿಡಬೇಡಿ, ಕಲೆಯಾಗುತ್ತೆ," ಎಂದೆ.

ಹೊಸ ಚಪ್ಪಲಿ ಕೊಡಿಸು ಎಂದ ಗಂಡ. ಶನಿವಾರ ನೋಡೋಣ ಎಂದೆ. ಮುಂದಿನ ಮೂರು ತಿಂಗಳಲ್ಲಿ ಅಂಥ ಶನಿವಾರ ಬರಲೇ ಇಲ್ಲ. ಅತ್ತೆಯೂ ಕೇಳಲಿಲ್ಲ, ಹೊರಗೂ ಹೋಗಲಿಲ್ಲ. ಕಿಟಕಿಯ ಹತ್ತಿರ ಕೂತು ಪಾರ್ಕಿಂಗ್ ಲಾಟು ನೋಡುತ್ತಿದ್ದರು.

ಊರಿಗೆ ಹೊರಡುವ ದಿನ ತಮ್ಮ ಮಗನ ಹಳೇ ಷೂ ಹಾಕಿಕೊಂಡು ವಿಮಾನ ನಿಲ್ದಾಣಕ್ಕೆ ಬಂದರು. ಗಂಡ ಟ್ರಾಲಿ ತರಲು ಹೋದ. ನಾನು ಸೂಟ್‌ಕೇಸನ್ನು ಡಿಕ್ಕಿಯಿಂದ ಎಳೆದೆ. ಅದರ ಜೊತೆ ಹಳೇ ಚೀಲಗಳೂ ಸರಿದವು; ಅವುಗಳ ಅಡಿಯಲ್ಲಿ ಆ ಚಪ್ಪಲಿ. ನಾನು ಮರೆತೇಬಿಟ್ಟಿದ್ದೆ.

ಅತ್ತೆ ಚಪ್ಪಲಿ ನೋಡಿದರು, ನನ್ನನ್ನು ನೋಡಿದರು. ಎತ್ತಿ ಅವರ ಮುಂದೆ ಹಿಡಿದೆ.

ಅವರು ಮುಟ್ಟಲಿಲ್ಲ. "ಬ್ಯಾಡ ಕಣವ್ವ," ಎಂದರು. "ಕಳಕಂಡ ಪೀಡೇನ ವಾಪಸ್ ತಕಬಾರ್ದು. ನಿನ್ ತಾವ್ಲೇ ಇರ್ಲಿ."